ಎಡಗಾಲಿನ ಕಾಗದ

ಕ್ಯೂಬೆಕ್‌ನ ನದಿದಂಡೆಯ ಒಂದು ಊರು. ಫೆಬ್ರವರಿ.
ಅಂಚೆ ಕಚೇರಿಗೂ ಮೀನಂಗಡಿಗೂ ನಡುವೆ
ಚಪ್ಪಟೆ ಮಾಡಿನ ಇಟ್ಟಿಗೆ ಕಟ್ಟಡ.
ಅದಕ್ಕೆ ಹೆಸರಿಲ್ಲ, ನಾಲ್ಕಕ್ಷರವಿದೆ: ಸಿಎಲ್‌ಎಸ್‌ಸಿ.
ಸರ್ಕಾರ ಬದಲಾದಾಗೆಲ್ಲ ಮೇಲೊಂದು ಹೊಸ ಫಲಕ ಬಂತು,
ಊರವರ ಬಾಯಲ್ಲಿ ಹಳೆಯ ನಾಲ್ಕೇ ಉಳಿಯಿತು.

ಕೂಸಿಗೆ ಚುಚ್ಚುಮದ್ದು ಇಲ್ಲೇ,
ಮುದುಕಿಯ ಸ್ನಾನಕ್ಕೆ ಜನ ಹೊರಡುವುದು ಇಲ್ಲಿಂದಲೇ,
ಗಂಡ ಕೈಯೆತ್ತಿದ ರಾತ್ರಿ ಫೋನು ಯಾರಿಗೆ ಅನ್ನುವುದೂ ಇಲ್ಲೇ.
ದುಡ್ಡು ಕೇಳುವ ಕಿಟಕಿ ಮಾತ್ರ ಇಲ್ಲ.
ಕಾರ್ಡು ತೋರಿಸು, ನಂಬರು ಹಿಡಿ, ಕೂರು.
ಕೂರುವುದೇ ಬಹಳ. ಅದನ್ನೂ ಹೇಳಬೇಕು.

ಗಾಯೆತಾನ್ ಲವೆರ್ನ್, ಅರವತ್ತೊಂಬತ್ತು, ನಂಬರು ನಲವತ್ತೊಂದು.
ಎಡಗಾಲಿನ ಹರಡಿನ ಮೇಲೆ ಮಾಯದ ಹುಣ್ಣು.
ಸೋಮ, ಬುಧ, ಶುಕ್ರ ಪಟ್ಟಿ ಬದಲಿಸಬೇಕು.
ನರ್ಸ್ ಮಿರ್ಲಾಂದ್, ಹೈಟಿಯ ಜಾಕ್ಮೆಲ್‌ನವಳು,
ಹದಿನೇಳು ಚಳಿಗಾಲ ಕಳೆದರೂ
ಹಿಮವನ್ನು ಬಾಗಿಲಲ್ಲೇ ಬಯ್ದು ಒಳಬರುವವಳು,
ನೆಲದ ಮೇಲೆ ಕೂತು ಬೂಟು ಕಳಚಿದಳು.
ದಿನವೂ ಅವನೇ ಕಳಚುತ್ತಿದ್ದ. ಇವತ್ತು ಬೆರಳು ಬಗ್ಗಲಿಲ್ಲ.

ಒದ್ದೆ ಕಾಲ್ಚೀಲದ ಅಡಿಗೆ ನೀಲಿ ಅಕ್ಷರ,
ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು.
ಬೂಟಿನ ತಳಕ್ಕೆ ಕೈ ಹಾಕಿದರೆ
ಎರಡಾಗಿ ಮಡಿಸಿ, ಪಾದದ ಅಳತೆಗೆ ಕತ್ತರಿಸಿದ ಕಾಗದ.

"ಅದೇನಿಲ್ಲ. ಗಾಳಿ ನುಗ್ಗುತ್ತೆ, ಅಡ್ಡ ಇಟ್ಟೆ."
"ಓದಿದಿರಾ?"
"ಕನ್ನಡಕ ಮನೇಲಿದೆ."
ಮೂರು ತಿಂಗಳಿಂದ ಕನ್ನಡಕ ಮನೆಯಲ್ಲೇ ಇದೆ.
ಮಾತ್ರೆ ಡಬ್ಬಿಗಳ ಮೇಲೆ ತಾನೇ ಒಮ್ಮೆ
ಸೂರ್ಯ, ಚಂದ್ರ ಬರೆದುಕೊಟ್ಟದ್ದು ಅವಳಿಗೆ ನೆನಪಾಯಿತು.

ನಲವತ್ತು ವರ್ಷ ಕಾಗದದ ಗಿರಣಿಯಲ್ಲಿ ದುಡಿದವನು.
ಆಳೆತ್ತರದ ಸುರುಳಿಗಳನ್ನು ಹಡಗು ಹತ್ತಿಸಿದವನು.
ಹಸಿಯೋ ಒಣಗಿದೆಯೋ,
ಕೆನ್ನೆಗೆ ಒತ್ತಿ ಹೇಳಬಲ್ಲವನು.
ಅದರ ಮೇಲೆ ಏನು ಬರೆಯುತ್ತಾರೆಂಬುದು
ಬೇರೆಯವರ ಇಲಾಖೆ.

ಕಾಲಿಗೆ ಕಾಗದ ತಾಗಿದರೆ ಕಣ್ಣಿಗೊತ್ತಿಕೊಳ್ಳುವವರ
ಭಾಷೆಯಲ್ಲಿ ಇದನ್ನು ಬರೆಯುತ್ತಿದ್ದೇನೆ.
ತುಳಿದವನನ್ನು ಗದರಲು ಹೊರಟ ಸಾಲು
ಹುಣ್ಣಿನ ಹತ್ತಿರ ಬಂದು ನಿಂತುಬಿಟ್ಟಿತು.

ಮಿರ್ಲಾಂದ್ ಓದಿದಳು, ಅವನಿಗಷ್ಟೇ ಕೇಳುವಂತೆ:
ಬಾಡಿಗೆ ಬಾಕಿ. ಮನೆ ಖಾಲಿ ಮಾಡಿಸುವ ಅರ್ಜಿ. ವಿಚಾರಣೆ, ಮಾರ್ಚ್...
ತಾರೀಕು ಕತ್ತರಿಯ ಆಚೆ ಉಳಿದಿತ್ತು.

ಈ ಕೋಣೆಯಿಂದ ಸೊಲಾಂಜ್ ಕೂರುವ ಕೋಣೆಗೆ ಹನ್ನೆರಡು ಹೆಜ್ಜೆ.
ನಾನು ಕಂಡ ಎಷ್ಟೋ ಊರುಗಳಲ್ಲಿ ಆ ಹನ್ನೆರಡಕ್ಕೆ
ಎರಡು ಬಸ್ಸು, ಮೂರು ಜೆರಾಕ್ಸು, ಒಬ್ಬ ಪರಿಚಯದವನು ಬೇಕು.
ಹುಣ್ಣಿಗೊಂದು ಕಟ್ಟಡ, ಬಾಡಿಗೆಗೆ ಇನ್ನೊಂದು,
ನಾಚಿಕೆಗೆ ಕಟ್ಟಡವೇ ಇಲ್ಲ.
ಇಲ್ಲಿ ಒಂದೇ ಮಾಡು, ಒಂದೇ ಸವೆದ ಕಾರ್ಪೆಟ್ಟು.

ಆದರೆ ಸೊಲಾಂಜ್ ರಜೆ. ಬದಲಿಗೆ ಬಂದ ಹುಡುಗ ಲೊಯೀಕ್,
ಮೂವತ್ತೆಂಟು ಫೈಲು, ಕುಡಿಯದೆ ಆರಿದ ಕಾಫಿ.
ಇವತ್ತಾಗಲ್ಲ ಅನ್ನಲು ಬಾಯಿ ತೆರೆದವನು
ಒಂಟಿ ಬೂಟಿನಲ್ಲಿ ಬಾಗಿಲಿಗೆ ಒರಗಿದವನನ್ನು ಕಂಡು
ಕುರ್ಚಿ ಎಳೆದ.

ಇಪ್ಪತ್ತಾರು ನಿಮಿಷ ಫೋನಿನಲ್ಲಿ ಕಾಯಿಸುವ ಸಂಗೀತ.
ಕಾಗದ ಹೀಟರಿನ ಮೇಲೆ ಒಣಗುತ್ತ
ಬೆವರಿನ, ಮುಲಾಮಿನ ವಾಸನೆ ಬಿಟ್ಟಿತು.
ಕೊನೆಗೆ ಆ ಕಡೆಯ ದನಿ: ಹತ್ತೊಂಬತ್ತು.
ಅಷ್ಟು ದಿನ ಸಾಕೋ ಸಾಲದೋ, ಲೊಯೀಕ್ ಹೇಳಲಿಲ್ಲ.
ಬರೆದುಕೊಂಡ. "ಜೊತೆಗೆ ನಾನೂ ಬರ್ತೀನಿ" ಅಂದ.

"ಸರಿ, ನನ್ನ ಕಾಗದ ಕೊಡಿ."
"ಅದು ಫೈಲಿಗೆ ಬೇಕು."
"ಬೂಟಿಗೆ?"

ಮಿರ್ಲಾಂದ್ ಗೋಡೆಯ ಗೂಡಿನಿಂದ
ದಪ್ಪನೆಯ ಹಳದಿ ಕರಪತ್ರವೊಂದನ್ನು ಎಳೆದು ಕೊಟ್ಟಳು.
ದೊಡ್ಡವರಿಗೆ ಓದು ಬರಹ. ಮಂಗಳವಾರ ಸಂಜೆ ಏಳು.
ಇದೇ ಕಟ್ಟಡ, ನೆಲಮಾಳಿಗೆ.
ಹೀಗಿದೆ ಇದರಲ್ಲಿ, ಎಂದು ಹೇಳಿಯೇ ಕೊಟ್ಟಳು.

ಅವನು ಕೆನ್ನೆಗೆ ಒತ್ತಿ ನೋಡಿದ.
"ನಮ್ಮ ಗಿರಣಿಯದಲ್ಲ. ಮಾಲು ಪರವಾಗಿಲ್ಲ."
ಮಡಿಸಿ ಬೂಟಿಗೆ ತುರುಕಿದ. ತುದಿ ಹೊರಗೆ ಇಣುಕಿತು,
ನಡೆದರೆ ಒತ್ತುವಂತಿತ್ತು.
ಕತ್ತರಿ ಕೇಳಲಿಲ್ಲ.

ನಂಬರು ನಲವತ್ತೆರಡು.