ನಲವತ್ತಮೂರನೇ ಕಂಬ

ನಾನು ಬಯಲುಸೀಮೆಯವನು. ಕಂಬ ಎಂದರೆ
ನೆಟ್ಟಗೆ ನಿಲ್ಲುವುದು ಎಂದು ತಿಳಿದಿದ್ದೆ.
ಇಲ್ಲಿ, ನಗರದಿಂದಾಚೆ, ಗಾಳಿಬ್ಯಾಣದಲ್ಲಿ
ನಲವತ್ತಮೂರು ಕಂಬಗಳು
ಸೊಂಟದಲ್ಲಿ ಕೊಡ ಇಟ್ಟುಕೊಂಡವರ ಹಾಗೆ
ಎಲ್ಲ ಒಂದೇ ಕಡೆ ವಾಲಿ
ಗುಡ್ಡ ಹತ್ತುತ್ತವೆ.

ಹದಿನೇಳಕ್ಕೆ ಕಾಡು ಮುಗಿಯುತ್ತದೆ,
ಮಾತಿನ ಮಧ್ಯೆ ಯಾರೋ ಎದ್ದು ಹೋದಂತೆ.
ಮುಂದೆ ಬರೀ ಕರಡ.
ಮಾರ್ಗಶಿರದಲ್ಲಿ ಅದರ ಬಣ್ಣ ನರಿಯ ಬೆನ್ನಿನದು;
ಗಾಳಿ ಬಂದಾಗ ಆ ನರಿ ಮಗ್ಗುಲು ಬದಲಿಸುತ್ತದೆ.
ಇಪ್ಪತ್ತೆರಡನೆಯದಕ್ಕೆ ಎಮ್ಮೆಗಳು ಬೆನ್ನುಜ್ಜಿ
ಸಿಮೆಂಟು ನುಣ್ಣಗಾಗಿದೆ.
ಮೂವತ್ತರ ಬುಡದಲ್ಲಿ ಟಿಟ್ಟಿಭ ಮೊಟ್ಟೆಯಿಟ್ಟ ವರ್ಷ
ನಾನು ಆ ಕಂಬ ಹತ್ತಲಿಲ್ಲ.
(ಹತ್ತಿದೆ ಎಂದು ಪುಸ್ತಕದಲ್ಲಿ ಬರೆದೆ.
ನನ್ನ ಮೊದಲ ಸುಳ್ಳು ಅದು.)

ಕೊನೆಯ ಕಂಬಕ್ಕೆ ಊರು.
ಏಳು ಮನೆ, ಮೊಣಕಾಲೆತ್ತರದ ಕಲ್ಲುಗೋಡೆ, ಒಂದು ದಣಪೆ,
ಕುಂಕುಮ ಹಚ್ಚಿದ ಒಂದು ಕಲ್ಲು. ಅದರ ಹೆಸರು ಕೇಳಿದರೆ
ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
ಅಂಗಡಿ ಇಲ್ಲ. ಉಪ್ಪು ಮುಗಿದರೆ
ನಿಟ್ಟೂರಿಗೆ ಹೋಗುವವರು ಸಿಗುವತನಕ
ಸಪ್ಪೆ ಉಣ್ಣುತ್ತಾರೆ, ಅದರ ಬಗ್ಗೆ ಜೋಕು ಮಾಡುತ್ತಾರೆ.

ದಣಪೆ ಪಕ್ಕದ ಮನೆ ಸಣ್ಣ ಕನ್ನಮ್ಮನದು.
ಒಳಗೆ ಚಿಮಣಿ ಬುಡ್ಡಿ.
ಹೊರಗೆ ಬಿದಿರಿನ ತುದಿಗೆ ನೂರು ಕ್ಯಾಂಡಲ್ಲಿನ ಬಲ್ಬು
ರಾತ್ರಿಯಿಡೀ ಬ್ಯಾಣಕ್ಕೆ ಮುಖಮಾಡಿ.
ಬಾಕಿ ಮುನ್ನೂರ ಹನ್ನೆರಡು ರೂಪಾಯಿ.
ಫ್ಯೂಸು ಕಿತ್ತು ತಾ, ಎಂದಿದ್ದರು ಸಾಹೇಬರು.

"ಒಳಗಾದ್ರೂ ಒಂದು ಹಾಕ್ಕೊಳ್ಳಿ" ಅಂದೆ.
ಅವಳು ಕೆಸುವಿನ ದಂಟು ಹೆಚ್ಚುತ್ತಿದ್ದಳು.
"ಒಳಗಿದ್ದವ್ರಿಗೆ ದಾರಿ ಎಂತಕ್ಕೆ?"

ಬಿಲ್ಲು ಚಾಚಿದೆ.
ಕೈ ಒರೆಸಿಕೊಂಡು, ಓದು ಬಾರದಿದ್ದರೂ
ಎರಡೂ ಕಡೆ ನೋಡಿದಳು.
"ನನ್ನ ತೌರು ನೀರಡಿಗೆ ಹೋಗಿದ್ದು
ಈ ಕರೆಂಟಿನ ದೆಸೆಯಿಂದಲೇ ಅಲ್ವಾ.
ಬಾಕಿ ಯಾರ್ದು ಅಂತ
ನಿಮ್ಮ ಸಾಹೇಬ್ರತ್ರ ಒಂಚೂರು ಕೇಳಿ ಬನ್ನಿ."
ಸಿಟ್ಟಿರಲಿಲ್ಲ. ಬೆಳೆಗೆ ಉಪ್ಪು ಎಷ್ಟು ಹಾಕಲಿ
ಎಂದು ಕೇಳುವ ದನಿ.

ಫ್ಯೂಸು ಕಿತ್ತೆ. ನೌಕರಿ ಅಂದಮೇಲೆ.
ಪಿಂಗಾಣಿ ತುಂಡು ಅಂಗಿ ಜೇಬಿಗಿಳಿಸಿ
ದಣಪೆ ದಾಟಿದೆ.

ನಲವತ್ತು, ಮೂವತ್ತೊಂಬತ್ತು,
ಘಟ್ಟದ ಕೆಳಗಿಂದ ಕಾವಳ ಎದ್ದಿತು.
ಮೊದಲು ನನ್ನ ಚಪ್ಪಲಿ ತಿಂದಿತು, ಆಮೇಲೆ ಕಂಬಗಳನ್ನು.
ಗಾಳಿ ಬಿದ್ದಿತ್ತು, ತಂತಿಯ ಗುಂಯ್ ಕೂಡ ಇಲ್ಲ.
ಹತ್ತು ಹೆಜ್ಜೆ ಇಟ್ಟು ಕೈ ಚಾಚಿದರೆ ಕಂಬವಿಲ್ಲ,
ಹಿಂದಕ್ಕೆ ಹತ್ತು ಇಟ್ಟರೆ ಹಿಂದೆಯೇ ಇಲ್ಲ.
ಎಡಕ್ಕೆಲ್ಲೋ ಪ್ರಪಾತ ಎಂಬುದೊಂದು ಗೊತ್ತು,
ಎಡ ಯಾವುದೆಂಬುದು ಗೊತ್ತಿಲ್ಲ.
ರೂಢಿಯಿಂದ ತಿರುಗಿ ಬೆಳಕು ಹುಡುಕಿದೆ.
ಆರು ವರ್ಷ ಹಾಗೇ ಹುಡುಕುತ್ತಿದ್ದೆ ಎಂಬುದು ಆಗ ತಿಳಿಯಿತು.
ಬೆಳಕು ಜೇಬಿನಲ್ಲಿತ್ತು,
ಸೇದಿ ಮುಗಿಸದ ಬೀಡಿಯಂತೆ.

ಕರಡದಲ್ಲಿ ಕುಕ್ಕರಗಾಲಲ್ಲಿ ಕೂತೆ.
ಎಷ್ಟು ಹೊತ್ತೋ.

ಡಣ್. ಡಣ್.
ಗಂಗಾಳಕ್ಕೆ ಸೌಟಿನ ಪೆಟ್ಟು.
ನಡುವೆ ಮೊಮ್ಮಗ ಗುತ್ಯಪ್ಪನ ಒಡೆದ ಗಂಟಲು:
"ಕಂಬದವ್ರೇ, ಹಿಂಗ್ ಬನ್ನಿ, ಹಿಂಗೇ..."
ಆರು ವರ್ಷ ನನ್ನ ಹೆಸರು ಯಾರೂ ಕೇಳಿರಲಿಲ್ಲ.
ಆ ಹೊತ್ತಿಗೆ ಅದೇ ಹೆಸರು ಸಾಕಾಯಿತು.

ಮುಟ್ಟಿದ್ದು ಮೊದಲು ದಣಪೆಯ ಗಳು. ತಣ್ಣಗೆ, ಒದ್ದೆ.
ಕೆಸುವಿನ ಹುಳಿ, ಕುಚ್ಚಲಕ್ಕಿ ಅನ್ನ.
ಫ್ಯೂಸಿನ ಮಾತು ಯಾರೂ ಎತ್ತಲಿಲ್ಲ,
ಅದೇ ಗಂಟಲಲ್ಲಿ ತುರಿಸಿತು; ಕೆಸುವೂ ಇರಬಹುದು.
ಕೈ ತೊಳೆದು ಎದ್ದು
ಕತ್ತಲಲ್ಲೇ ತಡವಿ ಸಿಕ್ಕಿಸಿದೆ.
ಕಾವಳದೊಳಗೊಂದು ಮೊಟ್ಟೆಯ ಹಳದಿ.

ಅರ್ಧ ಗಂಟೆಗೆ ಆ ಹಳದಿಯಿಂದ
ಒಣಮೀನಿನ ಬುಟ್ಟಿ ಹೊತ್ತ ಇಬ್ಬರು ಹೊರಬಂದರು,
ಅವರ ಹಿಂದೆ ಯಾರದೋ ಕರು.

ಪುಸ್ತಕದಲ್ಲಿ ಬರೆದೆ: ಬಾಗಿಲು ಹಾಕಿತ್ತು.
ಮುಂದಿನ ತಿಂಗಳೂ ಅದೇ.
ಅದರ ಮುಂದಿನ ತಿಂಗಳು ಸಾಹೇಬರು ಕನ್ನಡಕ ತೆಗೆದು
"ಎಂಥ ಬಾಗಿಲಯ್ಯಾ ಅದು?" ಎಂದರು.

ಗಾಳಿ ಜಾಸ್ತಿ ಸಾರ್, ಅಂದೆ.