ಇದಕ್ಕೊಂದು ಎಣ್ಣೆ

ರಾತ್ರಿಯಿಡೀ ಆ್ಯಸಿಡ್ಡಿನಲ್ಲಿ ಬೇಯಬೇಕು ಚರ್ಮದ ಚೂರು,
ನೂರ ಹತ್ತು ಡಿಗ್ರಿ, ಬಿರಡೆ ಬಿಗಿದ ಸೀಸೆಯಲ್ಲಿ.
ಬೆಳಗ್ಗೆ ತೆರೆದರೆ ಚರ್ಮವಿಲ್ಲ, ನಾರಿಲ್ಲ,
ಕಂದು ತಿಳಿನೀರು.
ಅದಕ್ಕೆ ಎರಡು ಮದ್ದು ಹನಿಸಿ ಬಿಸಿಯಲ್ಲಿಟ್ಟು
ಕಾಲು ಗಂಟೆ ಕಾದರೆ
ಗುಲಾಬಿ ಏರುತ್ತದೆ.
ಎಷ್ಟು ಗುಲಾಬಿಯೋ ಅಷ್ಟು ಕೊಲಾಜೆನ್.
ಡಂಡೀಯಲ್ಲಿ ಇಪ್ಪತ್ತೆರಡು ವರ್ಷ
ನಾನು ಉಂಡದ್ದು ಈ ಬಣ್ಣ ಓದಿದ ಕೂಲಿ.

ಮೂವತ್ತೊಂದನೆಯ ಟ್ಯೂಬಿಗೆ ಹೆಸರಿರಬಾರದು. ನಿಯಮ.
ಅವಳೇ ಬಂದು ಹೇಳಿದಳು, ರೋಗಿಗಳಿಗೆ ಲ್ಯಾಬು ತೋರಿಸುವ ದಿನ,
ಕೋಟು ಬಿಚ್ಚದೆ, ಎರಡು ಜೊತೆ ಕೈಗವಸು ತೊಟ್ಟು:
ನಾನು ನೆಟ್ಟಾ ಸ್ಟರಕ್. ಮೂವತ್ತೊಂದು.
ನನ್ನ ತುಂಡು ಎಲ್ಲಿಟ್ಟಿದ್ದೀ, ತೋರಿಸು.

ಹದಿನೈದಕ್ಕೇ ಸೆಣಬಿನ ಮಿಲ್ಲು ಸೇರಿದವಳು.
ಮಗ್ಗದ ಸದ್ದಿಗೆ ಅರ್ಧ ಕಿವಿ ತೆತ್ತು
ತುಟಿಯಲ್ಲಿ ಮಾತು ಕಲಿತವಳು.
ಹತ್ತು ಮಗ್ಗಗಳಾಚೆಯಿಂದ
ಗಂಡನ ಮೇಲಿನ ದೂರು, ಮೀನಿನ ರೇಟು, ಯಾರು ಬಸುರಿ,
ಎಲ್ಲ ಬರೀ ತುಟಿಯಲ್ಲಿ.
ಈಗ ಆ ಬಾಯಿಗೆ ಎರಡು ಬೆರಳು ಹೋಗುವುದಿಲ್ಲ.
ಅಂಚು ಹೊಲಿದಂತೆ ಸುತ್ತ ನೆರಿಗೆ.
ಜೊತೆಗೆ ನೇಯ್ದ ರೀಟಾಗೆ ಕಿವಿ ಪೂರಾ ಹೋಗಿದೆ,
ಗುರುವಾರದ ಚಹಾಕ್ಕೆ ಕೂತು ಇವಳ ಮುಖವನ್ನೇ ನೋಡುತ್ತಾಳಂತೆ,
ಅಕ್ಷರ ಕೂಡುತ್ತಿಲ್ಲ ಕಣೇ, ಅನ್ನುತ್ತಾಳಂತೆ.

ನಾನು ಪರದೆಯ ಮೇಲೆ ತೋರಿಸಿದೆ:
ಮೂರೆಳೆ ಹೆಣೆದ ಜಡೆ, ಜಡೆಗೆ ಜಡೆ ಕಟ್ಟಿ ಹಗ್ಗ.
ಇದಿಲ್ಲದೆ ಮೈ ಇಲ್ಲ. ಮೂಗು ಮೂಗಿನ ಜಾಗದಲ್ಲಿರುವುದು ಇದರಿಂದ.
ಗಾಯವಾದರೆ ಕೆಲವು ಕೋಶಗಳೆದ್ದು ನೇಯುತ್ತವೆ,
ಮಾಯ್ದ ಮೇಲೆ ಮಲಗುತ್ತವೆ.
ನಿನ್ನಲ್ಲಿ ಗಾಯ ಕಾಣದು, ಮಾಯುವುದು ನಿಲ್ಲದು.
ಮೆತ್ತಗೆ ಹಾಸಿಕೊಟ್ಟರೆ ಸುಮ್ಮನಿರುವ ಕೋಶ
ಗಟ್ಟಿ ನೆಲ ಸಿಕ್ಕಿತೋ, ನೇಯತೊಡಗುತ್ತದೆ.
ನೇಯ್ದಷ್ಟೂ ನೆಲ ಗಟ್ಟಿ. ಗಟ್ಟಿಯಾದಷ್ಟೂ ನೇಯ್ಗೆ.

ಸಂಜೆಯ ಸೈರನ್ ಊದುವವರಿಲ್ಲ ಅನ್ನು, ಎಂದಳು.
ದಾವಣಗೆರೆಯಲ್ಲಿ ಮಿಲ್ಲು ಕೂಗಿದಾಗ
ಗಡಿಯಾರದ ಮುಳ್ಳು ತಿದ್ದುತ್ತಿದ್ದ ದೊಡ್ಡಪ್ಪನ ನೆನಪಾಗಿ
ಹೌದು ಅಂದೆ.

ಆಮೇಲೆ ಅವಳು ಕೇಳಿದ್ದು:
ಬಂಗಾಳದಿಂದ ಬಂದ ಸೆಣಬು ಕಡ್ಡಿಯ ಹಾಗಿರುತ್ತಿತ್ತು.
ನನ್ನಜ್ಜಿಯ ಕಾಲಕ್ಕೆ ತಿಮಿಂಗಿಲದ ಎಣ್ಣೆ, ನನ್ನ ಕಾಲಕ್ಕೆ ಇನ್ಯಾವುದೋ,
ಎಣ್ಣೆ ನೀರು ಕುಡಿಸಿ ಒಂದೆರಡು ದಿನ ಬಿಟ್ಟರೆ
ಮಗುವಿನ ಕೂದಲಾಗುತ್ತಿತ್ತು.
ಇಷ್ಟು ಓದಿದ್ದೀಯಲ್ಲ,
ಇದಕ್ಕೊಂದು ಎಣ್ಣೆ ಇಲ್ಲವೇ?

ಹೂವಿನ ಜೊತೆ ನಾರೂ ಸ್ವರ್ಗಕ್ಕೆ, ಅನ್ನುತ್ತಾರೆ ನಮ್ಮಲ್ಲಿ,
ಎಂದು ಏನೋ ಹೇಳಲು ಹೋದೆ.
ಹೂವೆಲ್ಲಿದೆ? ಎಂದಳು, ಕೈಗವಸು ಬಿಚ್ಚಿ.
ಹತ್ತು ಬೆರಳು. ಬಿಳಿ, ನೀಲಿ, ಮೇಣದ ಹೊಳಪು.
ಉಂಗುರವನ್ನು ಗರಗಸದಿಂದ ಕುಯ್ದು ತೆಗೆದ ಜಾಗ.

ನಮ್ಮ ಔಷಧಿ ಇಲಿಯ ಬೆನ್ನನ್ನು ಮೆದುವಾಗಿಸಿದೆ.
ಇಲಿಗಳು ಬಹಳ ವಿಧೇಯ ಪ್ರಾಣಿಗಳು.
ಮೊನ್ನೆ ಮೂವತ್ತೊಂದನೆಯದು, ಔಷಧಿ ತೊಟ್ಟು ವರ್ಷವಾದ ಮೇಲಿನ ಚೂರು,
ಪಕ್ಕದಲ್ಲಿಟ್ಟ ಹೋದ ವರ್ಷದ್ದಕ್ಕಿಂತ ತುಸು ತಿಳಿ ಗುಲಾಬಿ.
ನನ್ನ ಕಣ್ಣಿಗೆ.
ಯಂತ್ರ ಒಪ್ಪುವುದಿಲ್ಲ. ಅಂತರ ದೋಷದ ಮಿತಿಯೊಳಗಿದೆ.
ಮತ್ತೆ ಅಳೆದೆ. ಮತ್ತೆ.
ಕಿಟಕಿಯಾಚೆ ಟೇ ನದಿ, ಅದರ ಮೇಲೆ ತೆವಳುವ ರೈಲು.

ಅಂದು ಹೊರಡುವ ಮುಂಚೆ ಒಂದು ಸನ್ನೆ ಕಲಿಸಿದ್ದಳು:
ಎಳೆ ಹರಿದಿದೆ, ಮಗ್ಗ ನಿಲ್ಲಿಸು.
ಬೆರಳು ಮಡಚಲಾರದೆ ಮಣಿಕಟ್ಟಿನಿಂದ ಮಾಡಿ ತೋರಿಸಿದ್ದು.
ಯಾರೂ ಇಲ್ಲದಾಗ ಇನ್‌ಕ್ಯುಬೇಟರಿನ ಗಾಜಿನೆದುರು
ಒಮ್ಮೆ ಮಾಡಿದೆ.
ನಿನ್ನೆ ಅವಳೆದುರೂ ಮಾಡಿದೆ.
ತುಟಿ ಬಿರಿಯುವಷ್ಟು ನಕ್ಕು, ಕರವಸ್ತ್ರ ಒತ್ತಿಕೊಂಡು, ಅಂದಳು:
ನೀನು ಹೇಳಿದ್ದು ಚಹಾ ತಾ ಅಂತ.