ಪೆಟಿಗಿ ಯಾರ ಹೆಸರು ಹಿಡದು ಕರದೈತಿ

ಕಾರಟಗಿ ದಾಟಿದ ಕೂಡ್ಲೆ ಬರೋ ವೇಬ್ರಿಡ್ಜ್,
ರಾತ್ರಿ ಒಂಬತ್ತೂವರಿ.
ಹೊರಗ ಹದಿಮೂರು ಲಾರಿ, ಎಲ್ಲಾ ಸೋನಾ ಮಸೂರಿ,
ಹಸಿ ಭತ್ತದ ಬಿಸಿ ವಾಸನಿ ಕಿಟಕಿ ತನಕ.
ಹಳೇ ಪ್ರಿಂಟರ್ ಸಂಜೀಕ ಕೆಮ್ಮಿ ನಿಂತಿತ್ತು,
ಹೊಸಾದು ಮೇಜಿನ ಮ್ಯಾಲ
ಥರ್ಮಾಕೋಲಿನ ಪುಡಿ ಉದುರಿಸಿಕೋತ ಕುಂತಿತ್ತು.
ಸೇರಿಸು ಅಂತ ಒತ್ತಿದೆ.
ಪರದೆ ಮಬ್ಬಾತು, ನಟ್ಟನಡುವ ಪೆಟಿಗಿಯೊಂದು ಎದ್ದಿತು:
ಅಡ್ಮಿನ್ ಪಾಸ್‌ವರ್ಡ್ ಹೇಳು.

ಹೇಳಿದೆ.
ದಿನಾ ಮುಂಜಾನಿ ಇದೇ ಮಾತಿಗೆ ಬಾಗಿಲ ತೆಗೀತಿತ್ತು,
ಈಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲಿ ಅಲ್ಲಾಡಿಸಿತು,
ಉದ್ರಿ ಕೇಳಿದೋರಿಗೆ ಅಂಗಡಿ ಶೆಟ್ರು ಅಲ್ಲಾಡಿಸಿದಂಗ.

ಕ್ಯಾಪ್ಸ್‌ಲಾಕ್ ನೋಡಿದೆ. ದೀಪ ಇಲ್ಲ.
ಮೂಲ್ಯಾಗ ನೋಡಿದೆ, ‘ಕ’ ಅಂತಿತ್ತು.
ರೈತರ ಹೆಸರು ಕನ್ನಡದಾಗ ಹೊಡದು ಹಂಗ ಬಿಟ್ಟಿದ್ದೆ,
ಪಾಸ್‌ವರ್ಡೂ ಕನ್ನಡದಾಗ ಹೋಗಿತ್ತು.
ಕಾಣೂದು ಬರೇ ಚುಕ್ಕಿ.
ಹೊಲದ ಚೀಲದಾಗ ಹಸೀದೈತೋ ಒಣಗಿದ್ದೈತೋ
ಕೊಳವಿ ಚುಚ್ಚದ ಯಾರಿಗೆ ತಿಳದೀತು?

ಇಂಗ್ಲಿಷಿಗೆ ತಿರುವಿ
ಬಾಯಾಗ ಅನಕೋತ ಒಂದೊಂದ ಅಕ್ಷರ ಒತ್ತಿದೆ.
ತಲಿ ಅಲ್ಲಾಡಿಸಿತು.
ಮೂರನೇ ಸಲಾನೂ.
ಆಮ್ಯಾಲ ಮಾತ ಬಿಟ್ಟಿತು,
ಹತ್ತು ನಿಮಿಷ ಖರೇ ಹೇಳಿದ್ರೂ ಕೇಳೂದಿಲ್ಲಂತ.
“ಅಕ್ಕಾ, ಚೀಟಿ?” ಅಂದ ಮುಂದಿನ ಲಾರಿಯ ಜಡೆಪ್ಪ.
ಕೈಲೆ ಬರದುಕೊಡ್ಲೇನು ಅಂದೆ.
“ಕೈಚೀಟಿ ಮಿಲ್ಲಿನೋರು ಮೂಸೂದೂ ಇಲ್ಲ.”

ಹುಸೇನಪ್ಪಗ ಫೋನ್ ಹಚ್ಚಿದೆ.
ಗಂಗಾವತ್ಯಾಗ ಊಟಕ್ಕ ಕುಂತಿದ್ದ,
ಕಟಿರೊಟ್ಟಿ ಮುರಿಯೋ ಸಪ್ಪಳ ಕಿವ್ಯಾಗ.
“ಪಾಸ್‌ವರ್ಡಿನ ಮಾತ ಬಿಡು ಹುಲಿಗೆಮ್ಮ,
ಪೆಟಿಗಿ ಯಾರ ಹೆಸರು ಹಿಡದು ಕರದೈತಿ? ಅದನ್ನ ಓದು.”

ಚುಕ್ಕಿಗಳ ಮ್ಯಾಲ, ಬೂದಿ ಬಣ್ಣದಾಗ,
ಇರಬಿಯಷ್ಟು ಸಣ್ಣಾಗಿ:
ರುದ್ರಮುನಿ.

ಪಗಾರದ ಸಲುವಾಗಿ ಜಗಳಾಡಿ
ಸಿಂಧನೂರಿನ ಮಿಲ್ಲಿಗೆ ಹೋದಾಂವ.
ಎಂಟರ್ ಕೀಲಿ ಮ್ಯಾಲ ಇನ್ನೂ ಅವನ ಬಟ್ಟಿನ ತಗ್ಗು.
ಆತ ಹೋಗಿ ಮೂರು ವರ್ಷ, ಐದು ಬೆಳಿ ತೂಗೀನಿ ನಾನು,
ಪೆಟಿಗಿ ಲೆಕ್ಕದಾಗ ಬಾಗಿಲಾಗ ನಿಂತ ಮಂದಿ.
ಕೈಯಾಗಿನ ಕೀಲಿ ನಂದು ಖರೇನ,
ಬಡದ ಬಾಗಿಲ ಬ್ಯಾರೇದೋರದು.

ಆತಗ ಫೋನ್ ಹಚ್ಚಲೇನು ಅಂದೆ.
“ಪಾಸ್‌ವರ್ಡ್ ನೆನಪಿದ್ರ ಅಂವ ರುದ್ರಮುನಿನ ಅಲ್ಲ.
ಹಿತ್ತಲ ಬಾಗಿಲೈತಿ. ಬಂದ್ ಮಾಡಿ ಹಚ್ಚು,
ಹಚ್ಚಿದ ಕೂಡ್ಲೆ ಶಿಫ್ಟ್ ಒತ್ತಿ ಹಿಡಿ.”

ಕರಿ ಪರದೆ, ಬಿಳಿ ಅಕ್ಷರ.
ಇಲ್ಲಿ ಯಾರೂ ಏನೂ ಕೇಳಲಿಲ್ಲ.
ಮುಂದ ಅಷ್ಟು ಬಿಗಿ ಮಾಡಿದ ಮಷೀನು
ಹಿಂದ ಬಾಯಿ ತಕ್ಕೊಂಡು ಮಲಗಿತ್ತು.

ಆತ ಹೇಳಿದ, ನಾ ಒತ್ತಿದೆ.
“ಗುಂಪಿಗೆ ಸೇರಿಸೋ ಸಾಲಿನಾಗ ಸಣ್ಣ ‘ಎ’ ಮರೀಬ್ಯಾಡ,
ಮರತೆಂದ್ರ ಹೊಸ ಗುಂಪಿಗೆ ಹೊಕ್ಕಿ,
ಹಳೇ ಗುಂಪೆಲ್ಲಾ ನಿನ್ನ ಕೈಬಿಡ್ತಾವ.”
ನನಗಿದು ಹೊಸಾ ಸುದ್ದಿ ಏನಲ್ಲ.
ನನ್ನ ಲಗ್ನದ ದಿನ ಯಾರೂ ಆ ‘ಎ’ ಒತ್ತಿರಲಿಲ್ಲ.
ಎರಡೆರಡು ಸಲ ನೋಡಿ
ಒತ್ತಿದೆ.

ತಿರುಗಿ ಹಚ್ಚಿದೆ. ಪೆಟಿಗಿ ಎದ್ದಿತು.
ಬೂದಿ ಬಣ್ಣದಾಗ ಈಗ ನನ್ನ ಹೆಸರು,
ಹಿಂದೊಮ್ಮೆ ಹುಸೇನಪ್ಪ ಅವಸರದಾಗ ಬರದ ಹಂಗ,
ಒಂದು ಎಲ್ ಹೆಚ್ಚಿಗಿ: ಹುಲ್ಲಿಗೆಮ್ಮ.
ಆಗಲಿ. ಅದ ಹಳೇ ಪಾಸ್‌ವರ್ಡ್ ಕೊಟ್ಟೆ,
ಒಂದ ಅಕ್ಷರ ಬದಲಿಲ್ಲ.
ಒಳಗ ಬಿಟ್ಟಿತು.

ಪ್ರಿಂಟರ್ ಗುರ್ ಅಂದು ಮೊದಲ ಚೀಟಿ ಉಗುಳಿತು,
ಜಡೆಪ್ಪಂದು: ತುಂಬಿದ ತೂಕ, ಖಾಲಿ ತೂಕ, ನಿವ್ವಳ.
ಕೊನೀ ಸಾಲಿನಾಗ, ತೂಗಿದವರು ಅನ್ನೋ ಜಾಗಾದಾಗ,
ಇನ್ನೂ ಆರ್.ಎಂ. ಅಂತೈತಿ.

ಅದೆಲ್ಲಿ ಕುಂತೈತೋ, ಹುಡುಕಬೇಕು.
ಹನ್ನೆರಡು ಲಾರಿ ಅದಾವ ಇನ್ನೂ.